ಲೈಸೆನ್ಸಿನಲ್ಲಿ 12 ಬೋರ್, ನಳಿಗೆಯ ಮೇಲೆ 25, ವರ್ನಿಯರ್‌ನಲ್ಲಿ 15: ಅಜ್ಜನ ಕೋವಿಯ ನಿಜವಾದ ಅಳತೆ ಯಾವುದು?

ಪ್ರಶ್ನೆ: ನಮ್ಮದು ಹೆಬ್ರಿ ಕಡೆ ಅಡಿಕೆ ತೋಟ. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಒಂದಿದೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಗಿದೆ. ಅದರಲ್ಲಿ ‘ಎಂ.ಎಲ್. ಗನ್, 12 ಬೋರ್’ ಅಂತ ಬರೆದಿದ್ದಾರೆ (ಎಂ.ಎಲ್. ಅಂದರೆ ಮಜಲ್ ಲೋಡರ್, ಬಾಯಿಯಿಂದ ತುಂಬುವ ಕೋವಿ). ಕಳೆದ ಆಯುಧಪೂಜೆಗೆ ಒರೆಸುವಾಗ ನಳಿಗೆಯ ಬುಡದಲ್ಲಿ ಕಿರೀಟದ ಥರದ ಗುರುತು, ಅದರ ಹತ್ತಿರ ಎರಡು ಕಡೆ ‘25’ ಅಂತ ಒತ್ತಿದ್ದು ಕಂಡಿತು. ಬಾಯಿಗೆ ಟಾರ್ಚ್ ಹಾಕಿ ನೋಡಿದರೆ ಒಳಗೆ ಅಗಲವಾದ ಮೂರು ಗೆರೆ ಇವೆ. ನಳಿಗೆ 99 ಸೆಂಟಿಮೀಟರ್ ಉದ್ದ, ಮೂರು ಕಬ್ಬಿಣದ ಪಟ್ಟಿ ಹಾಕಿ ಮರಕ್ಕೆ ಬಿಗಿದಿದ್ದಾರೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಬಾಯಿ ಅಳೆದೆ. ಒಮ್ಮೆ 14.8 ಮಿ.ಮೀ., ಸ್ವಲ್ಪ ತಿರುಗಿಸಿದರೆ 15, ಮತ್ತೊಮ್ಮೆ 14.7. ಭಾವ ಹೇಳ್ತಾರೆ, 12 ಬೋರ್ ಅಂದರೆ 12 ಮಿ.ಮೀ., ತುಕ್ಕು ತಿಂದು ದೊಡ್ಡದಾಗಿದೆ ಅಂತ. ಪರಿಚಯದ ಲೇತ್‌ನವರು ‘ಕೋವಿ ತನ್ನಿ, ಒಳಗೆ ಹೋನ್ ಮಾಡಿ, ಅಂದರೆ ಕೆರೆದು ನುಣುಪು ಮಾಡಿ, ಒಂದೇ ಸೈಜ್ ಮಾಡಿ ಕೊಡ್ತೇನೆ’ ಅಂತಿದ್ದಾರೆ. ಸರಿಯಾದ ಅಳತೆ ತೆಗೆಯುವುದು ಹೇಗೆ? ಆ 25 ಏನು? ಈ ಕೋವಿಯನ್ನು ಉಪಯೋಗಿಸಬಹುದಾ?

ಉತ್ತರ: ನಿಮ್ಮ ತಲೆಬಿಸಿ ಅರ್ಥವಾಗುತ್ತದೆ. ಒಂದೇ ಕೋವಿಗೆ ಕಾಗದ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ, ನಿಮ್ಮ ಕೈಯಲ್ಲಿರುವ ವರ್ನಿಯರ್ ಮೂರು ಸಲಕ್ಕೆ ಮೂರು ಹೇಳುತ್ತದೆ. ಇದರಲ್ಲಿ ಕಬ್ಬಿಣದ ಮಾತೇ ಸರಿ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ವಿಷಯಕ್ಕೆ ಸ್ವಲ್ಪ ಬೈಯಬೇಕು.

ನೀವು ಬಾಯಿಗೆ ಟಾರ್ಚ್ ಹಾಕಿ ಇಣುಕಿದಿರಿ. ಅಂದರೆ ಕೋವಿಯ ಎದುರು ಮುಖ ಇಟ್ಟಿರಿ. ಅದಕ್ಕೆ ಮೊದಲು ಒಳಗೆ ಈಡು, ಅಂದರೆ ತುಂಬಿಸಿದ ಮದ್ದುಗುಂಡು, ಇದೆಯೋ ಇಲ್ಲವೋ ನೋಡಿದ್ದಿರಾ? ಪ್ರಶ್ನೆಯಲ್ಲಿ ಆ ಮಾತೇ ಇಲ್ಲ. ತೋಟೆ (ಕಾರ್ಟ್ರಿಡ್ಜ್) ಹಾಕುವ ಕೋವಿಯಾದರೆ ಮಡಚಿ ಬುಡ ತೆರೆದು ನೋಡಿದರೆ ಗೊತ್ತಾಗುತ್ತದೆ. ಬಾಯಿಯಿಂದ ತುಂಬುವ ಕೋವಿಗೆ ಆ ಸೌಕರ್ಯ ಇಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ರಾತ್ರಿ ಹಂದಿ ಕಾಯಲು ತುಂಬಿಸಿ, ಹಂದಿ ಬರಲಿಲ್ಲ ಅಂತ ಅಟ್ಟಕ್ಕೆ ಇಟ್ಟದ್ದು ಹಾಗೇ ಇರಬಹುದು. ಕಪ್ಪು ಮದ್ದು ಒಣಗಿದ್ದರೆ ಅದಕ್ಕೆ ಮುಪ್ಪು ಅಂತ ಇಲ್ಲ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿಯವನು, ಆಗಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ಇಂಥ ಹಳೇ ಕೋವಿ ತುಂಬಾ ನೋಡಿದ್ದೇನೆ, ‘ಖಾಲಿ ಉಂಟು ಮಾರಾಯ್ರೆ’ ಅಂತ ಧೈರ್ಯದಲ್ಲಿ ತಂದ ಎರಡು ಕೋವಿಗಳ ಒಳಗೆ ಈಡು ಇತ್ತು. ಒಂದರ ನಿಪ್ಪಲ್ (ಬುಡದಲ್ಲಿ ಕೇಪು ಕೂರಿಸುವ ಸಣ್ಣ ಮೊಳೆ) ಮೇಲೆ ಕೇಪೂ (ಬಡಿದರೆ ಕಿಡಿ ಹಾರಿಸುವ ಸಣ್ಣ ಟೊಪ್ಪಿ) ಇತ್ತು.

ನೋಡುವ ಕ್ರಮ ಸುಲಭ. ಮೊದಲು ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ಖಚಿತ ಮಾಡಿ. ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ನಿಮ್ಮ ಮೈಯನ್ನು ಪಕ್ಕಕ್ಕೆ ಇಟ್ಟುಕೊಂಡು, ಗಜದ ಕೋಲನ್ನು (ಮದ್ದು ತುಂಬುವ ಕೋಲು) ನಿಧಾನಕ್ಕೆ ತಳದವರೆಗೆ ಇಳಿಸಿ. ಗುದ್ದಬೇಡಿ. ಕೋಲು ನಿಂತಲ್ಲಿ ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಹೊರಗೆ ತೆಗೆದು ಅದೇ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಹೊರಗಡೆ ಉದ್ದಕ್ಕೆ ಇಡಿ. ಕೋಲಿನ ತುದಿ ನಿಪ್ಪಲ್ ಇರುವ ಜಾಗದ ಹತ್ತಿರಕ್ಕೆ ಬರಬೇಕು. ಮೂರು ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಕೆಲವು ಕೋವಿಗಳ ಬುಡದಲ್ಲಿ ನಳಿಗೆಗಿಂತ ಸಣ್ಣ ಗುಳಿ ಇರುತ್ತದೆ, ಕೋಲು ಅದರೊಳಗೆ ಇಳಿಯದೆ ಸ್ವಲ್ಪ ಮೇಲೇ ನಿಲ್ಲುತ್ತದೆ, ಹಾಗಾಗಿ ಕಡಿಮೆ ಬಂದದ್ದೆಲ್ಲ ಈಡೇ ಆಗಬೇಕೆಂದಿಲ್ಲ. ಆದರೆ ಅನುಮಾನ ಬಂದರೆ ಈಡು ಇದೆ ಅಂತಲೇ ತಿಳಿದುಕೊಳ್ಳಿ. ಅಳತೆ ಅಲ್ಲಿಗೆ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಮೊದಲು ಫೋನ್ ಮಾಡಿ, ಅವರು ಹೇಳಿದ ಹಾಗೆ ಕೊಂಡೊಯ್ಯಿರಿ. ಡ್ರಿಲ್ ಹಾಕುವುದು, ಬುಡ ಕಾಯಿಸುವುದು, ಕೆದಕುವುದು ಯಾವುದೂ ಬೇಡ.

ಖಾಲಿ ಅಂತ ಖಚಿತವಾಯಿತು ಅಂತಿಟ್ಟುಕೊಂಡು ಮುಂದೆ ಹೋಗೋಣ.

ಭಾವನವರ 12 ಮಿಲಿಮೀಟರ್ ಲೆಕ್ಕ ತಪ್ಪು. ಅವರೊಬ್ಬರದಲ್ಲ, ಈ ತಪ್ಪು ಎಲ್ಲ ಕಡೆ ಇದೆ. ಬೋರ್ ಅನ್ನುವುದು ಉದ್ದದ ಲೆಕ್ಕವೇ ಅಲ್ಲ, ಎಣಿಕೆಯ ಲೆಕ್ಕ. ಮಲ್ಪೆಯಲ್ಲಿ ಸಿಗಡಿ ಕೊಳ್ಳುವವರು ‘ಎಷ್ಟು ಕೌಂಟ್’ ಅಂತ ಕೇಳುತ್ತಾರಲ್ಲ, ಹಾಗೆ. ಕೆ.ಜಿ.ಗೆ 20 ಬರುವ ಸಿಗಡಿ ದೊಡ್ಡದು, 60 ಬರುವುದು ಸಣ್ಣದು. ಕೋವಿಯಲ್ಲಿ ಕೆ.ಜಿ. ಬದಲು ಒಂದು ಪೌಂಡ್ ಶುದ್ಧ ಸೀಸ, ಅಂದರೆ 453.6 ಗ್ರಾಂ. ಅದರಿಂದ ಒಂದೇ ಗಾತ್ರದ 12 ಉಂಡೆ ಮಾಡಿ, ಆ ಉಂಡೆ ಸರಿಯಾಗಿ ಹಿಡಿಯುವ ನಳಿಗೆ 12 ಬೋರ್. 25 ಉಂಡೆ ಮಾಡಿದರೆ 25 ಬೋರ್. ಸಂಖ್ಯೆ ಜಾಸ್ತಿ ಆದಷ್ಟೂ ತೂತು ಸಣ್ಣದು.

ಲೆಕ್ಕ ನೀವೇ ಹಾಕಬಹುದು. 453.6 ಗ್ರಾಮನ್ನು 12ರಿಂದ ಭಾಗಿಸಿದರೆ ಒಂದು ಉಂಡೆ 37.8 ಗ್ರಾಂ. ಸೀಸ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುತ್ತದೆ. ಅಷ್ಟು ತೂಕದ ಉಂಡೆಯ ಅಡ್ಡಳತೆ 18.53 ಮಿ.ಮೀ. ಅದೇ ನಿಜವಾದ 12 ಬೋರ್. ಹೀಗೇ ಹಾಕುತ್ತಾ ಹೋದರೆ 16 ಬೋರ್ 16.84, 20 ಬೋರ್ 15.63, 24 ಬೋರ್ 14.71, 25 ಬೋರ್ 14.51 ಮಿ.ಮೀ. ಬರುತ್ತದೆ. (410 ಅನ್ನುವ ಸಣ್ಣ ತೋಟೆ ಕೋವಿ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಇಂಚಿನ ಲೆಕ್ಕ, 0.410 ಇಂಚು. ಅದಕ್ಕೂ ಬೋರ್ ಅಂತಲೇ ಹೇಳಿ ಎಲ್ಲರನ್ನೂ ಗೊಂದಲಕ್ಕೆ ಹಾಕಿದ್ದಾರೆ.)

ತುಕ್ಕು ತಿಂದು 12 ಇದ್ದದ್ದು 15 ಆಗಿದೆ ಅನ್ನುವುದೂ ಆಗದ ಮಾತು. ಸುತ್ತಲೂ ಒಂದೂವರೆ ಮಿಲಿಮೀಟರ್ ತುಕ್ಕು ತಿಂದಿದ್ದರೆ ನಳಿಗೆ ಒಳಗೆ ಗೆದ್ದಲು ಹಿಡಿದ ಮರದ ಹಾಗೆ ಇರುತ್ತಿತ್ತು, ನಿಮಗೆ ಮೂರು ಗೆರೆ ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ.

ಈಗ ಆ 25. ಇಂಗ್ಲೆಂಡಿನಲ್ಲಿ ನಳಿಗೆ ಮಾರುವ ಮೊದಲು ಪ್ರೂಫ್ ಹೌಸಿಗೆ ಹೋಗಬೇಕಿತ್ತು, ಬರ್ಮಿಂಗ್ಹ್ಯಾಮ್ ಅಥವಾ ಲಂಡನ್. ಅಲ್ಲಿ ಜಾಸ್ತಿ ಮದ್ದು ಹಾಕಿ ಹಾರಿಸಿ ನೋಡಿ, ಒಡೆಯದಿದ್ದರೆ ಕಿರೀಟದ ಮುದ್ರೆ ಒತ್ತುತ್ತಿದ್ದರು. ಜೊತೆಗೆ ಬೋರಿನ ಸಂಖ್ಯೆ. ಆ ಸಂಖ್ಯೆಯನ್ನು ಅವರು ವರ್ನಿಯರ್ ಹಾಕಿ ನಿರ್ಧರಿಸಲಿಲ್ಲ. ಸಾಲಾಗಿ ಗುಂಡನೆಯ ಉಕ್ಕಿನ ಪ್ಲಗ್‌ಗಳಿದ್ದವು, ಒಂದೊಂದಕ್ಕೆ ಒಂದೊಂದು ಸಂಖ್ಯೆ. ಬಾಯಿಗೆ ಹಾಕಿ ನೋಡುವುದು, ಒಳಗೆ ಹೋಗುವ ಅತಿ ದೊಡ್ಡ ಪ್ಲಗ್ ಯಾವುದೋ ಅದರ ಸಂಖ್ಯೆ ಒತ್ತುವುದು. ಅಷ್ಟೇ. ಅಂದರೆ ನಿಮ್ಮ ನಳಿಗೆಗೆ 25ರ ಪ್ಲಗ್ ಹೋಗಿದೆ, 24ರದ್ದು ಹೋಗಿಲ್ಲ. ಹೊಸದಿದ್ದಾಗ ಅದರ ಬೋರ್ 14.51ಕ್ಕೂ 14.71ಕ್ಕೂ ನಡುವೆ ಎಲ್ಲೋ ಇತ್ತು ಅಂತ ಆ ಎರಡು ಅಂಕಿ ನಿಮಗೆ ಹೇಳುತ್ತಿವೆ.

ಆ ನಡುವೆ ಬರುವ ಒಂದು ಪ್ರಸಿದ್ಧ ಅಳತೆ ಇದೆ: 0.577 ಇಂಚು, ಅಂದರೆ 14.66 ಮಿ.ಮೀ. ಅದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ಹೌದು, 1857ರಲ್ಲಿ ತೋಟೆಗೆ ಹಚ್ಚಿದ ಕೊಬ್ಬಿನ ಗಲಾಟೆ ಅಂತ ಶಾಲೆಯಲ್ಲಿ ಓದಿದೆವಲ್ಲ, ಅದೇ. ಅದರ ನಳಿಗೆ 39 ಇಂಚು, ನಿಮ್ಮ ಲೆಕ್ಕದಲ್ಲಿ 99 ಸೆಂ.ಮೀ. ಮೂರು ಪಟ್ಟಿ. ಒಳಗೆ ಮೂರು ಗ್ರೂವ್, ಅಂದರೆ ಕೊರೆದ ತಗ್ಗು ಗೆರೆ. ನೀವು ಬರೆದ ನಾಲ್ಕೂ ಗುರುತು ಕೂಡಿ ಬರುತ್ತಿವೆ. ಆದರೂ ನೋಡದೆ ಮೊಹರು ಹಾಕುವುದಿಲ್ಲ. ಈ ಮಾದರಿಯನ್ನು ಎಷ್ಟೋ ಜನ ಎಷ್ಟೋ ಕಡೆ ಮಾಡಿದ್ದಾರೆ, ನಕಲೂ ಇದೆ.

ಇಲ್ಲಿ ಒಂದು ಸ್ವಾರಸ್ಯ. 1857 ಆದ ಮೇಲೆ ಬ್ರಿಟಿಷರು ಇಲ್ಲಿನ ಸಿಪಾಯಿಗಳ ಕೈಗೆ ರೈಫಲ್ ಕೊಡಲು ಹೆದರಿದರು. ಹೊರಗಿನಿಂದ ಎನ್‌ಫೀಲ್ಡ್ ತರಹವೇ ಕಾಣುವ, ಆದರೆ ಒಳಗೆ ಗೆರೆ ಇಲ್ಲದ, 0.656 ಇಂಚಿನ ನುಣುಪು ನಳಿಗೆಯ ಮಸ್ಕೆಟ್ ಮಾಡಿಸಿ ಕೊಟ್ಟರು, 1858 ಮತ್ತು 1859ರ ಮಾದರಿ ಅಂತ. ಅದು 16.66 ಮಿ.ಮೀ. ಹಾಗಾಗಿ ಹೊರಗಿನಿಂದ ನೋಡಿ ‘ಇದು ಎನ್‌ಫೀಲ್ಡ್ ರೈಫಲ್’ ಅಂತ ಹೇಳುವವರ ಮಾತು ನಂಬಬೇಡಿ. ಒಳಗೆ ಏನಿದೆ ಅಂತ ನಳಿಗೆಯನ್ನೇ ಕೇಳಬೇಕು.

ಗೆರೆ ನಿಜವಾಗಿ ರೈಫ್ಲಿಂಗೋ (ಗುಂಡು ತಿರುಗುತ್ತಾ ಹೋಗಲಿ ಅಂತ ಸುರುಳಿಯಾಗಿ ಕೊರೆದ ಗೆರೆ), ಅಥವಾ ತುಕ್ಕಿನ ಪಟ್ಟೆಯೋ ಅಂತ ತಿಳಿಯಲು ಒಂದು ಸುಲಭ ಉಪಾಯ ಹೇಳುತ್ತೇನೆ, ನನಗೆ ತುಂಬಾ ಇಷ್ಟದ್ದು. ಕ್ಲೀನ್ ಮಾಡುವ ಕೋಲಿನ ತುದಿಗೆ ಎಣ್ಣೆ ಹಾಕಿದ ಹತ್ತಿಬಟ್ಟೆ ಸುತ್ತಿ. ಸ್ವಲ್ಪ ಬಿಗಿಯಾಗಿಯೇ ಇರಲಿ. ತಳದವರೆಗೆ ಇಳಿಸಿ. ಹೊರಗಿರುವ ತುದಿಯಲ್ಲಿ ಮೇಲ್ಭಾಗಕ್ಕೆ ಒಂದು ಗುರುತು ಹಾಕಿ. ಈಗ ಕೋಲನ್ನು ಬಿಗಿಯಾಗಿ ಹಿಡಿಯದೆ, ಬೆರಳ ನಡುವೆ ತಿರುಗಲು ಬಿಟ್ಟು, ನೇರಕ್ಕೆ ಎಳೆಯಿರಿ. ನುಣುಪು ನಳಿಗೆಯಾದರೆ ಗುರುತು ಮೇಲೆಯೇ ಇರುತ್ತದೆ. ರೈಫ್ಲಿಂಗ್ ಇದ್ದರೆ ಬಟ್ಟೆ ಗ್ರೂವ್ ಹಿಡಿದುಕೊಂಡು ಕೋಲು ತಾನಾಗಿ ತಿರುಗುತ್ತದೆ. 1853ರ ಮಾದರಿಯಲ್ಲಿ 78 ಇಂಚಿಗೆ ಒಂದು ಸುತ್ತು. ನಿಮ್ಮದು 39 ಇಂಚು. ಹಾಗಾದರೆ ಪೂರ್ತಿ ಎಳೆಯುವಾಗ ಸರಿಯಾಗಿ ಅರ್ಧ ಸುತ್ತು ಬರಬೇಕು, ಮೇಲಿದ್ದ ಗುರುತು ಕೆಳಗೆ ಬರಬೇಕು. ಬಂದರೆ ನೀವು ಅಜ್ಜನಿಗೆ ಒಂದು ನಮಸ್ಕಾರ ಹಾಕಬಹುದು, ಅವರು ಇಟ್ಟದ್ದು ಸಾಮಾನ್ಯ ಕೋವಿ ಅಲ್ಲ.

ಸರಿ, ವರ್ನಿಯರ್ ಯಾಕೆ ಮೂರು ಸಲ ಮೂರು ಹೇಳಿತು? ಅದರದ್ದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ.

ಮುಖ್ಯ ಕಾರಣ ಆ ಮೂರು ಗ್ರೂವ್. ರೈಫ್ಲಿಂಗ್ ಇರುವ ನಳಿಗೆಯಲ್ಲಿ ಎರಡು ಅಡ್ಡಳತೆ ಇರುತ್ತದೆ. ಎತ್ತರದ ಭಾಗಕ್ಕೆ ಲ್ಯಾಂಡ್ ಅಂತಾರೆ, ತಗ್ಗಿಗೆ ಗ್ರೂವ್. ಬಾಯಿಯಿಂದ ತುಂಬುವ ಕೋವಿಯಲ್ಲಿ ಬೋರ್ ಅಂದರೆ ಲ್ಯಾಂಡ್‌ಗಳ ನಡುವಿನ ಅಳತೆ. ನಾಲ್ಕು, ಆರು ಗ್ರೂವ್ ಇದ್ದರೆ ಲ್ಯಾಂಡಿನ ಎದುರು ಲ್ಯಾಂಡ್ ಇರುತ್ತದೆ, ವರ್ನಿಯರ್ ಸಾಕು. ಮೂರು ಇದ್ದರೆ? ದೋಸೆ ಕಾವಲಿಯ ಅಂಚಿನ ಸುತ್ತ ಮೂರು ತಗ್ಗು ಸಮ ಅಂತರದಲ್ಲಿ ಗುರುತು ಮಾಡಿ ನೋಡಿ, ಪ್ರತಿ ಎತ್ತರದ ಎದುರಿಗೆ ಒಂದು ತಗ್ಗೇ ಬರುತ್ತದೆ. ನಿಮ್ಮ ವರ್ನಿಯರಿನ ಒಂದು ಮೂತಿ ಲ್ಯಾಂಡ್ ಮೇಲೆ ಕೂತಿದೆ, ಇನ್ನೊಂದು ಗ್ರೂವಿನೊಳಗೆ ಇಳಿದಿದೆ. ನೀವು ಅಳೆದದ್ದು ಬೋರೂ ಅಲ್ಲ, ಗ್ರೂವೂ ಅಲ್ಲ, ಎರಡಕ್ಕೂ ನಡುವಿನ ಒಂದು ಅಂಕಿ. 14.66 ಇರಬೇಕಾದ ಕಡೆ 14.8 ಬರುವುದು ಇದಕ್ಕೇ.

ಎರಡನೆಯದು, ಬಾಯಿ ಸವೆದಿರುತ್ತದೆ. ನೂರು ವರ್ಷ ಗಜದ ಕೋಲು ಬಾಯಿಯ ಅಂಚಿಗೆ ಉಜ್ಜಿ ಉಜ್ಜಿ ಹೋಗಿದೆ. ತುಂಬುವವರು ಯಾವಾಗಲೂ ಒಂದೇ ಕಡೆ ನಿಂತು ಕೋಲು ಹಾಕುತ್ತಾರೆ, ಸವೆತವೂ ಒಂದೇ ಕಡೆ. ಬಾವಿಕಟ್ಟೆಯ ಕಲ್ಲಿಗೆ ಹಗ್ಗದ ಗೀರು ಬಿದ್ದಿರುತ್ತದಲ್ಲ, ಅದೇ ಕಥೆ. ನಿಮಗೆ ತಿರುಗಿಸಿದಾಗ 15 ಬಂದದ್ದು ಆ ಕಡೆ ಇರಬೇಕು. ವರ್ನಿಯರಿನ ಒಳಮೂತಿ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಒಳಗೆ ಹೋಗುತ್ತದೆ, ಸವೆದ ಜಾಗ ಬಿಟ್ಟು ಆಚೆಗೆ ಅದಕ್ಕೆ ಕೈ ಎಟಕುವುದೇ ಇಲ್ಲ. ಅದರ ಮೇಲೆ, ಆ ಮೂತಿಯ ಅಂಚು ಚೂರು ಚಪ್ಪಟೆ ಇರುತ್ತದೆ, ಸಣ್ಣ ತೂತಿನಲ್ಲಿ ಎರಡು ಮೂರು ನೂರನೇ ಭಾಗ ಕಡಿಮೆ ತೋರಿಸಲೂಬಹುದು. ಇದು ಸಣ್ಣ ವಿಷಯ. ಸೆಕೆಗೆ ಕಬ್ಬಿಣ ಹಿಗ್ಗಿ ತಪ್ಪು ಬರುತ್ತದಾ ಅಂತಲೂ ಒಬ್ಬರು ಕೇಳಿದ್ದರು. 20 ಡಿಗ್ರಿಗೆ ಅಳೆಯಬೇಕಾದ್ದನ್ನು ನಮ್ಮ 32 ಡಿಗ್ರಿಯಲ್ಲಿ ಅಳೆದರೆ ಈ ಗಾತ್ರದಲ್ಲಿ ಬರುವ ವ್ಯತ್ಯಾಸ 0.002 ಮಿ.ಮೀ. ಮರೆತುಬಿಡಿ.

ಹಾಗಾದರೆ ಅಳೆಯುವುದು ಹೇಗೆ? ಪ್ರೂಫ್ ಹೌಸಿನವರು ಮಾಡಿದ ಹಾಗೇ, ಪ್ಲಗ್ ಹಾಕಿ. ಗುಂಡನೆಯ ಪ್ಲಗ್ ಮೂರು ಲ್ಯಾಂಡ್ ಮೇಲೂ ಒಟ್ಟಿಗೆ ಕೂರುತ್ತದೆ, ಗ್ರೂವ್ ಎಷ್ಟಿದ್ದರೂ ಅದಕ್ಕೆ ಲೆಕ್ಕ ಇಲ್ಲ. ಮತ್ತೆ ಅದು ತಳದವರೆಗೂ ಹೋಗುತ್ತದೆ.

ನಿಮ್ಮ ಲೇತ್‌ನವರು ಇಲ್ಲಿ ಉಪಯೋಗಕ್ಕೆ ಬರುತ್ತಾರೆ. ಆದರೆ ಕೋವಿ ಅವರ ಹತ್ತಿರ ಹೋಗಬಾರದು. 1959ರ ಆರ್ಮ್ಸ್ ಆಕ್ಟಿನ ಐದನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡಲು, ಮಾರ್ಪಡಿಸಲು, ಟೆಸ್ಟ್ ಮಾಡಲು ಅದಕ್ಕೇ ಬೇರೆ ಲೈಸೆನ್ಸ್ ಬೇಕು. ನಿಮ್ಮ ಲೈಸೆನ್ಸ್ ನಿಮಗೆ ಮಾತ್ರ, ಬೈಕಂಪಾಡಿಯಲ್ಲೋ ಕಾರ್ಕಳದಲ್ಲೋ ಇರುವ ವರ್ಕ್‌ಶಾಪಿಗೆ ಅಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ‘ತನ್ನಿ’ ಅಂದಿರಬಹುದು, ಸಿಕ್ಕಿಬೀಳುವುದು ಇಬ್ಬರೂ. ಕೋವಿ ಮನೆಯಲ್ಲೇ ಇರಲಿ. ಅವರ ಹತ್ತಿರ ಹಿತ್ತಾಳೆ ಪ್ಲಗ್ ಮಾಡಿಸಿ ತನ್ನಿ.

14.50ರಿಂದ 14.80ರವರೆಗೆ 0.05ರ ಅಂತರದಲ್ಲಿ ಏಳು ಪ್ಲಗ್ ಸಾಕು. ಒಂದೊಂದು 30 ಮಿ.ಮೀ. ಉದ್ದ. ಮುಂದಿನ ಅಂಚು ಸ್ವಲ್ಪ ಇಳಿಜಾರು ಮಾಡಿಸಿ. ಹಿಂದೆ ಎಂ 6 ಟ್ಯಾಪ್ (6 ಮಿ.ಮೀ. ಸ್ಕ್ರೂ ಕೂರುವ ತೂತು) ಹೊಡೆಸಿ, ಅದಕ್ಕೆ 110 ಸೆಂ.ಮೀ. ಉದ್ದದ ಸರಳು ತಿರುಗಿಸಿ ಕೂರಿಸುವ ಹಾಗೆ. ಪಕ್ಕದಲ್ಲಿ ಉದ್ದಕ್ಕೆ 3 ಮಿ.ಮೀ. ತೂತು ಒಂದು ಬೇಕೇ ಬೇಕು. ಅದಿಲ್ಲದಿದ್ದರೆ ಒಂದು ಕಡೆ ಮುಚ್ಚಿದ ನಳಿಗೆಯಲ್ಲಿ ಬಿಗಿಯಾದ ಪ್ಲಗ್ ಇಳಿಸುವಾಗ ಗಾಳಿ ಸಿಕ್ಕಿಹಾಕಿಕೊಂಡು ಸೈಕಲ್ ಪಂಪ್ ಹಾಗೆ ಒದೆಯುತ್ತದೆ, ತೆಗೆಯುವಾಗ ಕಚ್ಚಿ ಹಿಡಿಯುತ್ತದೆ. ಸರಳಿಗೂ ಪ್ಲಗ್ಗಿಗೂ ನಡುವೆ ಒಂದು ಚೆಕ್‌ನಟ್ ಹಾಕಿ ಬಿಗಿ ಮಾಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಚೆಕ್‌ನಟ್ ಇಲ್ಲದೆ ಹಾಕಿದೆ. ತಿರುಗಿಸುತ್ತಾ ಎಳೆಯುವಾಗ ಸರಳು ಮಾತ್ರ ಕೈಗೆ ಬಂತು, ಪ್ಲಗ್ ಮೂವತ್ತು ಇಂಚು ಒಳಗೆ ಕೂತಿತು. ನಾಲ್ಕು ದಿನ ಎಣ್ಣೆ ಬಿಟ್ಟು ಕಾದು, ಕೊನೆಗೆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಸರಳನ್ನು ಅದೇ ತೂತಿಗೆ ಹಿಡಿಸಿ ಹೊರತೆಗೆದದ್ದು. ಕೋವಿ ಯಜಮಾನರು ನಾಲ್ಕೂ ದಿನ ಎದುರಿಗೇ ಕೂತಿದ್ದರು.

ಹಾಕುವ ಮೊದಲು ನಳಿಗೆ ತೊಳೆಯಿರಿ. ಹಳೇ ಮದ್ದಿನ ಮಸಿ ಗಟ್ಟಿಯಾಗಿ ಅಂಟಿದ್ದರೆ ಬೋರ್ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಕಪ್ಪು ಮದ್ದಿನ ಮಸಿಯಲ್ಲಿ ಪೊಟ್ಯಾಸಿಯಂ ಉಪ್ಪುಗಳಿರುತ್ತವೆ, ಅವು ಗಾಳಿಯ ತೇವ ಹೀರುತ್ತವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೇಳುವುದೇ ಬೇಡ, ಚಾಪೆಗೂ ಬೂಸಲು ಹಿಡಿಯುವ ಊರು. ಆ ಉಪ್ಪು ಎಣ್ಣೆಗೆ ಹೋಗುವುದಿಲ್ಲ, ನೀರಿಗೆ ಹೋಗುತ್ತದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಉಜ್ಜಿ, ಬಟ್ಟೆ ಬೆಳ್ಳಗೆ ಬರುವವರೆಗೆ. ತಕ್ಷಣ ಒಣಗಿಸಿ ತೆಳುವಾಗಿ ಮೆಷಿನ್ ಎಣ್ಣೆ ಹಚ್ಚಿ. ಹೊರಗಡೆ ಮಾತ್ರ ಪಾಲಿಶ್ ಪೇಪರ್ ಹಾಕಬೇಡಿ. ಆಯುಧಪೂಜೆಗೆ ಹೊಳೆಯಲಿ ಅಂತ ಉಜ್ಜಿ ಉಜ್ಜಿ ಪ್ರೂಫ್ ಮುದ್ರೆ, ನಂಬರ್ ಎಲ್ಲ ಅಳಿಸಿದ ಕೋವಿ ನೋಡಿ ಹೊಟ್ಟೆ ಉರಿದಿದೆ. ಆ ಮುದ್ರೆ ಅಳಿಸುವುದು ಕಾನೂನಿನಲ್ಲೂ ತಪ್ಪು.

ಪ್ಲಗ್ ಸಣ್ಣದರಿಂದ ಶುರು ಮಾಡಿ. ಎರಡು ಬೆರಳಿನ ಬಲದಲ್ಲಿ ಹೋಗುವಷ್ಟು ಹೋಗಲಿ. ಸುತ್ತಿಗೆ ಹತ್ತಿರವೂ ಇಡಬೇಡಿ. 14.60 ತಳದವರೆಗೆ ಹೋಯಿತು, 14.65 ಬಾಯಿಯಿಂದ ಒಂದು ಗೇಣಿಗೆ ನಿಂತಿತು, 14.80 ಎರಡು ಬೆರಳು ಇಳಿದು ನಿಂತಿತು ಅಂತಿಟ್ಟುಕೊಳ್ಳಿ. ಇದರ ಅರ್ಥ: ಬೋರ್ 14.60ರ ಆಸುಪಾಸು, ಬಾಯಿ ಎರಡು ಬೆರಳು ಆಳದವರೆಗೆ ಸವೆದಿದೆ. 14.60 ನಡುವೆ ಎಲ್ಲೋ ಬಿಗಿಯಾಗಿ ಮತ್ತೆ ಸಡಿಲವಾದರೆ ಆ ಜಾಗ ಗುರುತು ಮಾಡಿ. ಹೊರಗಡೆ ಅಲ್ಲಿ ಏನಾದರೂ ತಗ್ಗು, ಡೆಂಟ್ ಇದೆಯಾ ನೋಡಿ. ಬಿಗಿಯಾಗದೆ ಒಮ್ಮೆಲೇ ಸಡಿಲವಾದರೆ ಇನ್ನೂ ಎಚ್ಚರ. ಯಾವಾಗಲೋ ಅಲ್ಲಿ ಏನೋ ಅಡ್ಡ ಸಿಕ್ಕಿ ನಳಿಗೆ ಉಬ್ಬಿರಬಹುದು. ಅಂಥ ಕೋವಿಯನ್ನು ಗೋಡೆಗೆ ತೂಗಿಸುವುದು ಬಿಟ್ಟು ಬೇರೇನೂ ಮಾಡಬಾರದು. ಒಂದೇ ಅಂಕಿ ಹೇಳುವ ವರ್ನಿಯರಿಗಿಂತ ಪ್ಲಗ್ ನನಗೆ ಇಷ್ಟ ಆಗುವುದು ಇದಕ್ಕೇ, ಅದು ನಳಿಗೆಯ ಇಡೀ ಜಾತಕ ಹೇಳುತ್ತದೆ.

ಸೀಸ ಹಾಕಿ ಅಚ್ಚು ತೆಗೆಯುವ ಕ್ರಮವೂ ಇದೆ. ನೀವು ಕೇಳದಿದ್ದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೋರಿಗಿಂತ ಚೂರು ದೊಡ್ಡ ಮೆತ್ತನೆಯ ಸೀಸದ ತುಂಡನ್ನು ಬಾಯಿಗೆ ತಟ್ಟಿ ಕೂರಿಸಿ, ಹೊರಗೆ ಎಳೆದು, ಅದರ ಮೇಲೆ ಬಿದ್ದ ಅಚ್ಚು ಅಳೆಯುವುದು. ಗ್ರೂವಿನ ಆಳ ತಿಳಿಯಲು ಇದು ಒಳ್ಳೆಯದು. ಆದರೆ ತೋಟೆ ಕೋವಿಯಲ್ಲಾದರೆ ಒಂದು ಕಡೆಯಿಂದ ಹಾಕಿ ಇನ್ನೊಂದು ಕಡೆಯಿಂದ ತೆಗೆಯಬಹುದು, ನಿಮ್ಮದರಲ್ಲಿ ಹಿಂದೆ ಬಾಗಿಲೇ ಇಲ್ಲ. ಹಾಗಾಗಿ ಸೀಸದ ತುಂಡಿಗೆ ಮೊದಲೇ ಸ್ಕ್ರೂ ಹಾಕಿಟ್ಟು, ಒಂದಿಂಚಿಗಿಂತ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಬೀಸುಬಲೆಯ ಸೀಸದ ಮಣಿ ಉಗುರಿನಲ್ಲಿ ಗೀರಿದರೆ ಗೀರು ಬೀಳುವಷ್ಟು ಮೆತ್ತಗಿದ್ದರೆ ಅದೂ ಆಗುತ್ತದೆ. ಬ್ಯಾಟರಿಯ ಸೀಸ ಬೇಡ, ಅದು ಗಟ್ಟಿ, ಮೈಗೂ ಕೆಟ್ಟದ್ದು. ಯಾವ ಸೀಸವಾದರೂ ಅಡುಗೆಮನೆಯಲ್ಲಿ ಕರಗಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇನ್ನೊಂದು ತೊಡಕೂ ಇದೆ. ಈ ಎನ್‌ಫೀಲ್ಡ್‌ಗಳಲ್ಲಿ ಮೊದಲ ಕೆಲವು ವರ್ಷಗಳವು ಬಿಟ್ಟರೆ ಉಳಿದವುಗಳ ಗ್ರೂವ್ ಬುಡದಲ್ಲಿ ಆಳ, ಬಾಯಿಗೆ ಬರುತ್ತಾ ಬರುತ್ತಾ ತೆಳು. ಸೀಸವನ್ನು ಎಷ್ಟು ಒಳಗೆ ಇಳಿಸಿದರೂ ಹೊರಗೆ ಬರುವಾಗ ಬಾಯಿಯ ಅಚ್ಚನ್ನೇ ಹೊತ್ತುಕೊಂಡು ಬರುತ್ತದೆ. ಬುಡದ ಅಳತೆ ಅದರಿಂದ ಸಿಗುವುದೇ ಇಲ್ಲ. ಹಾಗಿದ್ದ ಮೇಲೆ ಅಷ್ಟು ಕಷ್ಟ ಯಾಕೆ? ನಿಮ್ಮ ಪ್ರಶ್ನೆಗೆ ಪ್ಲಗ್ಗೇ ಸಾಕು. ಬುಡದ ಬ್ರೀಚ್ ಪ್ಲಗ್ (ನಳಿಗೆಯ ಹಿಂಬದಿ ಮುಚ್ಚುವ ಬಿರಡೆ) ಬಿಚ್ಚಿ ಎರಡೂ ಕಡೆಯಿಂದ ನೋಡೋಣ ಅಂತ ಯಾರಾದರೂ ಹೇಳಿದರೆ ಕೈ ಮುಗಿದುಬಿಡಿ. ನೂರೈವತ್ತು ವರ್ಷದ ತುಕ್ಕು ಹಿಡಿದ ಮರೆಯನ್ನು (ಸ್ಕ್ರೂ ಸುತ್ತು) ಪೈಪ್ ವ್ರೆಂಚಿನಲ್ಲಿ ತಿರುಗಿಸಿದರೆ ಮರೆ ಹರಿಯುತ್ತದೆ, ಇಲ್ಲವೇ ನಳಿಗೆಯ ಬುಡ ತಿರುಚುತ್ತದೆ. ಹಾರಿಸುವಾಗ ಅತಿ ಹೆಚ್ಚು ಒತ್ತಡ ಬೀಳುವ ಜಾಗ ಅದೇ.

ಹೋನ್ ಮಾಡಿಸುವ ವಿಷಯಕ್ಕೆ ನನ್ನ ಉತ್ತರ ಬೇಡ ಅಂತಲೇ. ಕಾನೂನು ಒಂದು ಕಡೆ ಇರಲಿ. ಅದು ಇವತ್ತಿನ ಉಕ್ಕಲ್ಲ, ಹತ್ತೊಂಬತ್ತನೇ ಶತಮಾನದ ಮೆತು ಕಬ್ಬಿಣ. ತುಕ್ಕಿನ ಗುಳಿ ಹೋಗುವವರೆಗೆ ಒಳಗೆ ಕೆರೆದರೆ ಬಾಯಿಯ ಕಡೆ ಇರುವ ತೆಳು ಗ್ರೂವ್ ಮೊದಲು ಹೋಗುತ್ತದೆ, ಗೋಡೆಯ ದಪ್ಪ ಕಡಿಮೆಯಾಗುತ್ತದೆ, ಹೊರಗೆ ಒತ್ತಿದ 25 ಸುಳ್ಳಾಗುತ್ತದೆ. ಆ ಮುದ್ರೆ ಇದ್ದದ್ದು ಆಗಿನ ದಪ್ಪಕ್ಕೆ. ಕೆರೆದ ಮೇಲೆ ಅದಕ್ಕೆ ಬೆಲೆ ಇಲ್ಲ. ಗುಳಿ ಹಾಗೇ ಇರಲಿ, ಎಣ್ಣೆ ಹಾಕಿ ಇಟ್ಟರೆ ಮುಂದೆ ಹೋಗದ ಹಾಗೆ ತಡೆಯಬಹುದು.

ಉಪಯೋಗಿಸಬಹುದಾ ಅಂತ ಕೇಳಿದ್ದೀರಿ. ಬೋರ್ ಸರಿ ಇದೆ ಅಂದ ಮಾತ್ರಕ್ಕೆ ಕೋವಿ ಸುರಕ್ಷಿತ ಅಂತ ಆಗುವುದಿಲ್ಲ. ನಿಪ್ಪಲಿನ ಮರೆ, ಬ್ರೀಚ್, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧಕ್ಕೆ ಎಳೆದಾಗ ನಿಲ್ಲುತ್ತದೋ ಜಾರುತ್ತದೋ, ಬುಡದಲ್ಲಿ ಗುಳಿ ಎಷ್ಟು ಆಳ, ಇದನ್ನೆಲ್ಲ ಕೈಯಲ್ಲಿ ಹಿಡಿದು ನೋಡದೆ ಯಾರೂ ಹೇಳಲಾರರು. ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಅಲ್ಲಿಯವರೆಗೆ ಹಾರಿಸಬೇಡಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯಲು ಒಪ್ಪಿಗೆ ಸಿಕ್ಕಿತು ಅಂತಲೂ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ನನ್ನನ್ನು ಕೇಳಿದರೆ, ಅಂಚಿನವರೆಗೆ ಗ್ರೂವ್ ಉಳಿದಿರುವ 1853ರ ಮಾದರಿಯನ್ನು ತೋಟದಲ್ಲಿ ಗದ್ದಲಕ್ಕೆ ಹಾರಿಸುವುದು, ಅಜ್ಜಿಯ ಮದುವೆ ಸೀರೆಯಲ್ಲಿ ನೆಲ ಒರೆಸಿದ ಹಾಗೆ.

ಉಳಿದದ್ದು ಕಾಗದ. ‘12 ಬೋರ್’ ಅಂತ ಬರೆದವರು ಅಳೆದು ಬರೆದಿರಲಿಕ್ಕಿಲ್ಲ. ನಮ್ಮ ಕಡೆ ಕೋವಿ ಅಂದರೆ 12 ಬೋರ್ ಅಂತ ಕೈಗೆ ಅಭ್ಯಾಸ. ಇಷ್ಟು ವರ್ಷ ಯಾರೂ ಕೇಳಲಿಲ್ಲ ಅಂತ ಬಿಡಬೇಡಿ. ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸುವಾಗ ಯಾರಾದರೂ ಮುದ್ರೆ ಓದಿದರೆ, ಲೈಸೆನ್ಸಿನ ಕೋವಿ ಬೇರೆ, ತಂದದ್ದು ಬೇರೆ ಅನ್ನುವ ಪ್ರಶ್ನೆ ಏಳಬಹುದು. ಅದೂ ಅಲ್ಲದೆ ಅಲ್ಲಿ ‘ಗನ್’ ಅಂತಿದೆ, ನಿಮ್ಮಲ್ಲಿರುವುದು ರೈಫಲ್. ನೀವಾಗಿಯೇ ಲಿಖಿತವಾಗಿ ಉಡುಪಿಯ ಡಿ.ಸಿ. ಆಫೀಸಿಗೆ ಅರ್ಜಿ ಕೊಟ್ಟು, ಅಳತೆ ಮತ್ತು ಮುದ್ರೆಯ ಫೋಟೋ ಇಟ್ಟು, ತಿದ್ದುಪಡಿ ಕೇಳಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ಫೋಟೋಗಳು ಇನ್ನೊಂದಕ್ಕೂ ಬೇಕು: ಠಾಣೆಯಲ್ಲಿ ಒಂದೇ ಥರದ ಹತ್ತಿಪ್ಪತ್ತು ಕೋವಿ ಒರಗಿಸಿಟ್ಟಿರುತ್ತಾರೆ, ವಾಪಸ್ ಬರುವಾಗ ನಿಮ್ಮದೇ ಬಂತು ಅಂತ ನಿಮಗೆ ಗೊತ್ತಾಗಬೇಕಲ್ವಾ.

ಪ್ಲಗ್ ಹಾಕಿ ನೋಡಿದ ಮೇಲೆ ಮೂರು ವಿಷಯ ಬರೆದು ಕಳಿಸಿ. ತಳದವರೆಗೆ ಹೋದ ಅತಿ ದೊಡ್ಡ ಪ್ಲಗ್ ಯಾವುದು, ಬಟ್ಟೆ ಸುತ್ತಿದ ಕೋಲು ಎಷ್ಟು ತಿರುಗಿತು, ಕಿರೀಟದ ಕೆಳಗೆ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ರಾಜದಂಡ ಇದೆಯೋ ಅಥವಾ ಹೆಣೆದ ಎರಡು ಅಕ್ಷರ ಇದೆಯೋ. ದಂಡ ಇದ್ದರೆ ಬರ್ಮಿಂಗ್ಹ್ಯಾಮ್, ಅಕ್ಷರ ಇದ್ದರೆ ಲಂಡನ್. ಕೋಲು ಅರ್ಧ ಸುತ್ತಿನ ಬದಲು ಮುಕ್ಕಾಲು ತಿರುಗಿದರೆ ಅದನ್ನೂ ಹಾಗೇ ಬರೆಯಿರಿ, ಸರಿಮಾಡಲು ಹೋಗಬೇಡಿ. ಆಗ ಕಥೆ ಬೇರೆಯೇ ಇದೆ.